ಯಂತ್ರದ ನಡೆಗೆ ಮನುಷ್ಯನ ಬರಹ

ಚದುರಂಗದ ಆಟವನ್ನಾಡುವುದು ಒಂದು ವಿದ್ಯೆಯಾದರೆ, ಆಡಿದ ಆಟವನ್ನು ಬರೆದಿಡುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಸಲ್ಲುವ ಗೌರವ ಎರಡನೆಯದಕ್ಕೆ ಎಂದೂ ಸಂದಿಲ್ಲ. ಸಂಗೀತ ಕಚೇರಿಯಲ್ಲಿ ಹಾರ ಬೀಳುವುದು ಹಾಡಿದವರ ಕೊರಳಿಗೆ. ಆ ಕೃತಿಗೆ ಸ್ವರಲಿಪಿ ಬರೆದು ಮುಂದಿನವರಿಗಾಗಿ ಅಚ್ಚು ಹಾಕಿಸಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಆದರೂ ಬರಹವಿಲ್ಲದ ಆಟದ ಆಯುಷ್ಯವೆಷ್ಟು? ಕಾಯಿಗಳನ್ನು ಪೆಟ್ಟಿಗೆಗೆ ಸುರಿಯುವವರೆಗೆ ಮಾತ್ರ. ಆಮೇಲೆ ಗೆದ್ದವನು ತನ್ನ ಜಾಣತನವನ್ನು ಬೆಳೆಸಿ ಹೇಳುತ್ತಾನೆ. ಸೋತವನು ತನ್ನ ದುರದೃಷ್ಟವನ್ನು ಬೆಳೆಸಿ ಹೇಳುತ್ತಾನೆ. ನಿಜವಾಗಿ ನಡೆದುದೇನೆಂಬುದಕ್ಕೆ ಸಾಕ್ಷಿಯೇ ಉಳಿದಿರುವುದಿಲ್ಲ.

ಈ ಮಾತು ಮನುಷ್ಯರ ಆಟಕ್ಕೆ ಸಲ್ಲುವಂತೆ ಯಂತ್ರದ ಆಟಕ್ಕೂ ಸಲ್ಲುತ್ತದೆ. ಒಂದು ಪಾಲು ಹೆಚ್ಚಾಗಿಯೇ ಸಲ್ಲುತ್ತದೆ. ಗಣಕಯಂತ್ರಕ್ಕೆ ಚದುರಂಗ ಕಲಿಸುವ ಪ್ರೋಗ್ರಾಮನ್ನು ಬರೆಯಹೊರಟ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತಿಂಗಳುಗಟ್ಟಲೆ ಆತ ನಿದ್ದೆಗೆಟ್ಟಿರುವುದು ದೊಡ್ಡ ದೊಡ್ಡ ವಿಷಯಗಳಿಗಾಗಿ. ಯಂತ್ರ ಎಷ್ಟು ನಡೆ ಮುಂದಕ್ಕೆ ನೋಡಬೇಕು, ಒಂದು ಕುದುರೆಗೆ ಎಷ್ಟು ಬೆಲೆ ಕಟ್ಟಬೇಕು, ರಾಜನ ಕ್ಷೇಮವನ್ನು ಯಾವ ಲೆಕ್ಕದಲ್ಲಿ ಅಳೆಯಬೇಕು, ಇಂಥವು. ಇವೆಲ್ಲ ಮುಗಿದು ಯಂತ್ರ ತನ್ನ ಮೊದಲ ನಡೆಯನ್ನು ನಿಶ್ಚಯಿಸಿದ ಮೇಲೆ, ಒಂದು ಸಣ್ಣ ಪ್ರಶ್ನೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ: ಈ ನಡೆಯನ್ನು ಯಂತ್ರ ಹೇಳಬೇಕಾದದ್ದು ಯಾವ ಬರಹದಲ್ಲಿ? ಪ್ರಶ್ನೆ ಸಣ್ಣದೆಂದು ತರುಣ ಅದನ್ನು ಐದು ನಿಮಿಷದಲ್ಲಿ ತೀರಿಸಿಬಿಡಲು ನೋಡುತ್ತಾನೆ. ಆದರೆ ಅದರ ಹಿಂದೆ ಮುನ್ನೂರು ವರ್ಷಗಳಷ್ಟು ಹಳೆಯ ವ್ಯಾಜ್ಯವೊಂದು ನಿಂತಿದೆ.

ಯಂತ್ರಕ್ಕಂತೂ ಇದು ಪ್ರಶ್ನೆಯೇ ಅಲ್ಲ. ಅಮೆರಿಕದ ಕ್ಲಾಡ್ ಶ್ಯಾನನ್ ಅವರು ೧೯೫೦ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಗಣಕಯಂತ್ರ ಚದುರಂಗವಾಡುವ ಬಗೆಯನ್ನು ವಿವರಿಸುತ್ತ, ಈ ವಿಷಯವನ್ನು ಕೆಲವೇ ಸಾಲುಗಳಲ್ಲಿ ಮುಗಿಸಿದ್ದಾರೆ. ಹಲಗೆಯ ಮೇಲಿರುವುದು ೬೪ ಮನೆಗಳು. ಒಂದು ಮನೆಯನ್ನು ಗುರುತಿಸಲು ಸೊನ್ನೆ ಮತ್ತು ಒಂದುಗಳ ಆರು ಸ್ಥಾನಗಳು ಸಾಕು. ಹೊರಟ ಮನೆ ಮತ್ತು ಸೇರಿದ ಮನೆ ಎರಡಕ್ಕೂ ಸೇರಿ ಹನ್ನೆರಡು. ಕಾಲಾಳು ಕೊನೆಯ ಸಾಲನ್ನು ಮುಟ್ಟಿ ಬೇರೆ ಕಾಯಿಯಾಗುವುದುಂಟಷ್ಟೆ. ಅದಕ್ಕೆ ಇನ್ನೊಂದು ಮೂರು. ಅಲ್ಲಿಗೆ ಕಥೆ ಮುಗಿಯಿತು. ಬಿಳಿಯ ಕಡೆಯ ಎಡಮೂಲೆಯಿಂದ ಮನೆಗಳನ್ನು ಸೊನ್ನೆಯಿಂದ ಅರವತ್ತಮೂರರವರೆಗೆ ಎಣಿಸುವ ಪ್ರೋಗ್ರಾಮುಗಳಲ್ಲಿ, ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೂಡುವ ನಡೆ ‘೧೨, ೨೮’ ಎಂಬ ಎರಡು ಸಂಖ್ಯೆಗಳಷ್ಟೆ. ಯಂತ್ರಕ್ಕೆ ಇದಕ್ಕಿಂತ ಸ್ಪಷ್ಟವಾದದ್ದು ಬೇರೊಂದಿಲ್ಲ. ಆದರೆ ಆ ಹಾಳೆಯನ್ನು ಅರವತ್ತು ವರ್ಷ ಜಗಲಿಯ ಮೇಲೆ ಚದುರಂಗವಾಡಿದ ಅಜ್ಜನ ಮುಂದೆ ಇಟ್ಟರೆ, ಅವರು ಅದನ್ನು ಕಿರಾಣಿ ಅಂಗಡಿಯ ಲೆಕ್ಕವೆಂದು ಭಾವಿಸಿ ಸೊಸೆಯ ಕೈಗೆ ಕೊಟ್ಟಾರು!

ಹಾಗಾದರೆ ಮನುಷ್ಯರು ತಮ್ಮ ನಡೆಗಳನ್ನು ಹೇಗೆ ಬರೆದುಕೊಂಡರು? ನಮ್ಮ ದೇಶದ ಕವಿಗಳಂತೂ ಕುದುರೆಯ ನಡೆಯನ್ನು ಪದ್ಯದಲ್ಲಿಯೇ ಬರೆದರು. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ತುರಗಪದವೆಂಬ ಬಂಧವಿದೆ. ಶ್ಲೋಕದ ೩೨ ಅಕ್ಷರಗಳನ್ನು ಅರ್ಧ ಹಲಗೆಯ ೩೨ ಮನೆಗಳಲ್ಲಿ ತುಂಬಿ, ಕುದುರೆ ನೆಗೆದಂತೆ ನೆಗೆನೆಗೆದು ಓದಿದರೂ ಅದೇ ಶ್ಲೋಕ ಬರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಕುದುರೆಯ ಈ ಪ್ರದಕ್ಷಿಣೆಯಲ್ಲಿ ಅಪಾರವಾದ ಆಸಕ್ತಿಯಿದ್ದಿತು. ಒಂದು ಮನೆಯನ್ನೂ ಬಿಡದೆ, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಕುದುರೆಯನ್ನು ಹಲಗೆಯ ತುಂಬ ಓಡಿಸುವ ಸಮಸ್ಯೆಗಳನ್ನು ಅವರು ಬಿಡಿಸಿದರು. ಇದು ಪಾಂಡಿತ್ಯದ ವಿನೋದ. ಬಂಧವನ್ನು ಬಿಡಿಸುವವನ ಶ್ರಮವೇ ಅಲ್ಲಿಯ ಸೊಗಸು. ಆಟದ ದಾಖಲೆಗೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದ ಗುಣ. ಅಲ್ಲಿ ಓದುವವನಿಗೆ ಬಿಡಿಸುವ ಕಷ್ಟವೇ ಬರಬಾರದು.

ಯೂರೋಪಿನಲ್ಲಿ ಈ ವ್ಯಾಜ್ಯ ಹದಿನೆಂಟನೆಯ ಶತಮಾನದಲ್ಲಿ ಆರಂಭವಾಯಿತು. ಸಿರಿಯ ದೇಶದ ಅಲೆಪ್ಪೊ ಪಟ್ಟಣದ ಫಿಲಿಪ್ ಸ್ಟಮ್ಮ ಎಂಬಾತ ೧೭೩೭ರಲ್ಲಿ ಪ್ಯಾರಿಸಿನಲ್ಲಿ ಒಂದು ಪುಸ್ತಕವನ್ನು ಅಚ್ಚು ಹಾಕಿಸಿದ. ಅದರಲ್ಲಿ ಪ್ರತಿಯೊಂದು ಮನೆಗೂ ಒಂದು ಅಕ್ಷರ ಮತ್ತು ಒಂದು ಅಂಕಿ ಸೇರಿದ ಹೆಸರಿತ್ತು. ಇಂದು ಲೋಕವೆಲ್ಲ ಬಳಸುವ ಪದ್ಧತಿಗೆ ಅದು ಬಹಳ ಸಮೀಪವಾದದ್ದು. ಹತ್ತು ವರ್ಷಗಳ ಅನಂತರ, ೧೭೪೭ರಲ್ಲಿ, ಫ್ರಾನ್ಸಿನ ಫಿಲಿಡೋರ್ ಲಂಡನ್ನಿನಲ್ಲಿ ಸ್ಟಮ್ಮನೊಡನೆ ಆಡಿ ಅವನನ್ನು ಚೆನ್ನಾಗಿ ಸೋಲಿಸಿದ. ೧೭೪೯ರಲ್ಲಿ ಫಿಲಿಡೋರ್ ಬರೆದ ಪುಸ್ತಕ ಮನೆಮಾತಾಯಿತು. ಅದರಲ್ಲಿ ನಡೆಗಳೆಲ್ಲ ಪೂರ್ಣ ವಾಕ್ಯಗಳಲ್ಲಿದ್ದುವು. ರಾಜನ ಕಾಲಾಳು ಎರಡು ಮನೆ ಮುಂದೆ ಹೋಗುತ್ತದೆ, ರಾಜನ ಕಡೆಯ ಕುದುರೆ ಇಂಥ ಕಾಯಿಯ ಮೂರನೆಯ ಮನೆಗೆ ಬರುತ್ತದೆ, ಎಂಬ ರೀತಿಯಲ್ಲಿ. ಗೆದ್ದವನ ಮಾತಿಗೆ ಬೆಲೆ ಹೆಚ್ಚಲ್ಲವೇ? ಇಂಗ್ಲಿಷರು ಈ ವಾಕ್ಯಗಳನ್ನೇ ಕುಗ್ಗಿಸಿ ಕುಗ್ಗಿಸಿ ತಮ್ಮ ವರ್ಣನಾತ್ಮಕ ಪದ್ಧತಿಯನ್ನು ಕಟ್ಟಿಕೊಂಡರು. ಸ್ಟಮ್ಮನ ಅಕ್ಷರ-ಅಂಕಿಗಳು ಮಾತ್ರ ಜರ್ಮನಿಯಲ್ಲಿ ಬೇರೂರಿದುವು.

ಈ ಎರಡು ಪದ್ಧತಿಗಳ ವ್ಯತ್ಯಾಸವನ್ನು ತಿಳಿಯಲು ಬೆಂಗಳೂರಿನಲ್ಲಿ ವಿಳಾಸ ಹುಡುಕಿದವರಿಗೆ ಹೆಚ್ಚಿನ ವಿವರಣೆ ಬೇಕಾಗಲಾರದು. ಹಳೆಯ ಪೇಟೆಯಲ್ಲಿ ಮನೆ ಕೇಳಿದರೆ, ದೇವಸ್ಥಾನದ ಹಿಂದೆ, ಬಾವಿಯ ಎಡಗಡೆ, ವಕೀಲರ ಮನೆಯಿಂದ ಮೂರನೆಯದು ಎಂದು ಹೇಳುವ ವಾಡಿಕೆ. ಕೇಳಲು ಆಪ್ಯಾಯಮಾನವಾದ ಮಾತು. ಆದರೆ ಎಡಗಡೆ ಎಂದರೆ ಎತ್ತ ಮುಖ ಮಾಡಿ ನಿಂತಾಗ ಎಂಬುದನ್ನು ಹೇಳಿದವರೂ ಮರೆತಿರುತ್ತಾರೆ, ಕೇಳಿದವರೂ ಮರೆತಿರುತ್ತಾರೆ. ಮಲ್ಲೇಶ್ವರ ಅಥವಾ ಜಯನಗರದಲ್ಲಾದರೆ ಇಂಥ ಮೇನು, ಇಂಥ ಕ್ರಾಸು ಎಂದರೆ ತೀರಿತು. ಮಾತು ಒಣಕಲೇ ಸರಿ. ಆದರೆ ಮೂಡಲಿಂದ ಬಂದವರಿಗೂ ಪಡುವಲಿಂದ ಬಂದವರಿಗೂ ಮನೆ ಒಂದೇ. ಇಂಗ್ಲಿಷರ ವರ್ಣನಾತ್ಮಕ ಪದ್ಧತಿ ಮೊದಲನೆಯ ಜಾತಿಯದು. ಅಲ್ಲಿ ಬಿಳಿಯವನು ತನ್ನ ಕಡೆಯಿಂದ ಎಣಿಸಿದರೆ ಕರಿಯವನು ತನ್ನ ಕಡೆಯಿಂದ ಎಣಿಸುತ್ತಾನೆ. ಬಿಳಿಯವನಿಗೆ ರಾಜನ ನಾಲ್ಕನೆಯ ಮನೆಯಾದದ್ದು ಕರಿಯವನಿಗೆ ರಾಜನ ಐದನೆಯ ಮನೆ. ಹೀಗಾಗಿ ೬೪ ಮನೆಗಳಿಗೆ ೧೨೮ ಹೆಸರುಗಳು! ಸ್ಟಮ್ಮನ ಜಾತಿಯ ಬರಹದಲ್ಲಿ ಎ ಇಂದ ಎಚ್ ವರೆಗೆ ಎಂಟು ಉದ್ದಸಾಲು, ಒಂದರಿಂದ ಎಂಟರವರೆಗೆ ಎಂಟು ಅಡ್ಡಸಾಲು. ‘ಇ೪’ ಎಂದರೆ ಇಬ್ಬರಿಗೂ ಇ೪ ಮನೆಯೇ. ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ ೧೯೮೧ರಿಂದ ಈ ಎರಡನೆಯ ಪದ್ಧತಿಗೆ ಮಾತ್ರ ಮನ್ನಣೆ ಕೊಟ್ಟಿತು. ಹಲಗೆಯ ಮುಂದೆ ಸೋತ ಸ್ಟಮ್ಮನ ಕಡೆಗೆ, ಕಾಗದದ ಮೇಲಾದರೂ ಇನ್ನೂರು ವರ್ಷ ಮೀರಿದ ಮೇಲೆ ತೀರ್ಪಾಯಿತು.

ಆದುದರಿಂದ ನಮ್ಮ ತರುಣನೂ ಅಕ್ಷರ-ಅಂಕಿಗಳನ್ನೇ ಆರಿಸಿಕೊಂಡನೆನ್ನೋಣ. ವ್ಯಾಜ್ಯ ಮುಗಿಯಲಿಲ್ಲ. ಇಲ್ಲಿಯೂ ಎರಡು ದಾರಿಗಳುಂಟು. ಹೊರಟ ಮನೆ, ಸೇರಿದ ಮನೆ ಎರಡನ್ನೂ ಹೇಳುವುದು ಒಂದು: ‘ಜಿ೧ಎಫ್೩’. ಇದು ದೀರ್ಘ ಬರಹ. ಯಾವ ಕಾಯಿ ಯಾವ ಮನೆಯನ್ನು ಸೇರಿತು ಎಂದಷ್ಟೇ ಹೇಳುವುದು ಇನ್ನೊಂದು: ‘ಎನ್‌ಎಫ್೩’, ಎಂದರೆ ಕುದುರೆ ಎಫ್೩ಕ್ಕೆ ಬಂದಿತು. ಇದು ಹ್ರಸ್ವ ಬರಹ. ಮೊದಲನೆಯದರಲ್ಲಿ ಬೆರಳಿಗೆ ಕೆಲಸ. ಜಿ೧ರಲ್ಲಿದ್ದ ಕಾಯಿಯನ್ನೆತ್ತಿ ಎಫ್೩ರಲ್ಲಿಟ್ಟರಾಯಿತು, ಅದು ಕುದುರೆಯೋ ಕತ್ತೆಯೋ ನೋಡಬೇಕಾದುದಿಲ್ಲ. ಎರಡನೆಯದರಲ್ಲಿ ಬುದ್ಧಿಗೆ ಕೆಲಸ. ಕುದುರೆ ಎಂದೊಡನೆ ಓದುಗನ ಮನಸ್ಸಿನಲ್ಲಿ ಆಟದ ಚಿತ್ರ ಮೂಡುತ್ತದೆ. ಚದುರಂಗ ಬಲ್ಲವರು ಇಂಥ ನಡೆಗಳ ಸಾಲನ್ನು, ಸಂಗೀತ ಬಲ್ಲವರು ಸ್ವರಗಳನ್ನು ಓದುವಂತೆ, ಹಲಗೆಯಿಲ್ಲದೆಯೇ ಓದಿಕೊಂಡು ತಲೆದೂಗಬಲ್ಲರು. ‘ಜಿ೧ಎಫ್೩, ಬಿ೮ಸಿ೬’ ಎಂಬ ಸಾಲನ್ನೋದಿ ತಲೆದೂಗುವವರು ವಿರಳ.

ಹ್ರಸ್ವ ಬರಹ ಕಣ್ಣಿಗೆ ಸುಲಭ. ಆದರೆ ಬರೆಯುವವನಿಗೆ ಸುಲಭವಲ್ಲ. ಎರಡು ಕುದುರೆಗಳೂ ಒಂದೇ ಮನೆಗೆ ನೆಗೆಯಬಲ್ಲ ಸ್ಥಿತಿಯಲ್ಲಿದ್ದರೆ ಹೊರಟದ್ದು ಯಾವುದೆಂದು ತಿಳಿಸಬೇಕು. ‘ಎನ್‌ಬಿಡಿ೨’ ಎಂದರೆ ಬಿ ಸಾಲಿನ ಕುದುರೆ ಡಿ೨ಕ್ಕೆ ಬಂದಿತೆಂದು ಅರ್ಥ. ಎರಡೂ ಒಂದೇ ಉದ್ದಸಾಲಿನಲ್ಲಿದ್ದರೆ ಅಡ್ಡಸಾಲಿನ ಅಂಕಿಯನ್ನು ಹೇಳಬೇಕು. ಇನ್ನೂ ಒಂದು ಸೂಕ್ಷ್ಮವುಂಟು. ಎರಡನೆಯ ಕುದುರೆ ತನ್ನ ರಾಜನಿಗೆ ಮರೆಯಾಗಿ ನಿಂತಿದ್ದು, ಕದಲಿದರೆ ರಾಜನಿಗೆ ಷಹ ಬೀಳುವಂತಿದ್ದರೆ, ಅದಕ್ಕೆ ಚಲಿಸುವ ಹಕ್ಕೇ ಇಲ್ಲ. ಆಗ ಗುರುತು ಬೇಕಾಗುವುದಿಲ್ಲ. ನಡೆಯ ಕೊನೆಗೆ ಷಹವಾಗಿದ್ದರೆ ಒಂದು ಚಿಹ್ನೆ, ರಾಜ ಕಟ್ಟಿಬಿದ್ದಿದ್ದರೆ ಇನ್ನೊಂದು ಚಿಹ್ನೆ. ಎಂದ ಮೇಲೆ ಎರಡು ಮೂರು ಅಕ್ಷರಗಳ ಈ ಪುಟ್ಟ ಬರಹವನ್ನು ಬರೆಯಬೇಕಾದರೆ ಹಲಗೆಯ ಮೇಲಿನ ಎಲ್ಲ ಕಾಯಿಗಳ ಎಲ್ಲ ಹಕ್ಕುಗಳನ್ನೂ ಪರಿಶೀಲಿಸಿರಬೇಕು. ದೀರ್ಘ ಬರಹವನ್ನಾದರೋ ಆಟವೇ ತಿಳಿಯದವನೂ ಬರೆಯಬಲ್ಲ. ತುಂಬ ಬಲ್ಲವನೇ ಚಿಕ್ಕದಾಗಿ ಹೇಳಬಲ್ಲನೆಂಬ ಹಿರಿಯರ ಅನುಭವ ಇಲ್ಲಿಯೂ ನಿಜವಾಯಿತು.

ಇನ್ನು ಅಕ್ಷರಗಳ ಜಗಳ. ಕುದುರೆಗೆ ‘ಎನ್’ ಎಂದು ಬರೆಯುವುದು ಇಂಗ್ಲಿಷಿನವರ ಪದ್ಧತಿ. ಅವರಲ್ಲಿ ರಾಜನ ಹೆಸರೂ ಕುದುರೆಯ ಹೆಸರೂ ‘ಕೆ’ ಅಕ್ಷರದಿಂದಲೇ ಆರಂಭವಾಗುವುದರಿಂದ ಕುದುರೆ ತನ್ನ ಮೊದಲಕ್ಷರವನ್ನು ರಾಜನಿಗೆ ಬಿಟ್ಟುಕೊಟ್ಟು ಎರಡನೆಯದರಿಂದ ತೃಪ್ತಿಪಟ್ಟಿದೆ. ರಷ್ಯನ್ ಭಾಷೆಯಲ್ಲಿಯೂ ಇದೇ ತೊಡಕು. ಆದರೆ ಅಲ್ಲಿ ಪರಿಹಾರ ತಿರುಗುಮುರುಗು. ಅದೇ ಆಕಾರದ ಅಕ್ಷರವನ್ನು ಕುದುರೆಯೇ ಉಳಿಸಿಕೊಂಡಿತು, ರಾಜನಿಗೆ ಎರಡಕ್ಷರದ ಹೆಸರು ಬಂದಿತು. ಇಂಗ್ಲಿಷ್ ಬಲ್ಲವನು ರಷ್ಯನ್ ಪುಸ್ತಕ ತೆರೆದರೆ ರಾಜ ಹಲಗೆಯ ತುಂಬ ನೆಗೆದಾಡುವುದನ್ನು ಕಂಡು ಗಾಬರಿಯಾಗಬೇಕು. ಜರ್ಮನರ ಕುದುರೆಗೆ ನೆಗೆಯುವವನೆಂದು ಹೆಸರು. ಫ್ರೆಂಚರು ನಮ್ಮ ಒಂಟೆಯನ್ನು ವಿದೂಷಕನೆಂದು ಕರೆಯುತ್ತಾರೆ. ರಷ್ಯನ್ನರು ಅದೇ ಕಾಯಿಯನ್ನು ಆನೆ ಎನ್ನುತ್ತಾರೆ. ಈ ಗೊಂದಲವನ್ನು ಕಂಡೇ, ಬೆಲ್‌ಗ್ರೇಡಿನಲ್ಲಿ ೧೯೬೬ರಲ್ಲಿ ಆರಂಭವಾದ ‘ಶಹೋವ್‌ಸ್ಕಿ ಇನ್‌ಫಾರ್ಮೇಟರ್’ ಎಂಬ ಪ್ರಕಟಣೆ, ಅಕ್ಷರಗಳನ್ನು ಬಿಟ್ಟು ಕಾಯಿಗಳ ಪುಟ್ಟ ಚಿತ್ರಗಳನ್ನೇ ಅಚ್ಚು ಮಾಡಿತು. ಕುದುರೆಯ ಚಿತ್ರಕ್ಕೆ ಭಾಷೆಯ ಹಂಗಿಲ್ಲವಷ್ಟೆ.

ಆದರೆ ಆ ಕಾಲದ ಗಣಕಗಳಿಗೆ ಚಿತ್ರ ಬಿಡಿಸುವ ಭಾಗ್ಯವಿರಲಿಲ್ಲ. ೧೯೬೩ರಲ್ಲಿ ಬಂದು ಬಹುಕಾಲ ಗಣಕಗಳ ಜೊತೆಗಾರನಾಗಿದ್ದ ಟೆಲಿಟೈಪ್ ಮಾಡೆಲ್ ೩೩ ಎಂಬ ಟೈಪು ಯಂತ್ರ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮಾತ್ರ ಮುದ್ರಿಸಬಲ್ಲುದಾಗಿತ್ತು. ಇದರಿಂದೇನು ಹಾನಿ ಎನ್ನಬಹುದು. ಹಾನಿಯುಂಟು. ‘ಬಿ×ಸಿ೩’ ಎಂಬ ಬರಹದಲ್ಲಿ ಬಿ ಚಿಕ್ಕಕ್ಷರವಾದರೆ, ಬಿ ಸಾಲಿನ ಕಾಲಾಳು ಸಿ೩ರಲ್ಲಿದ್ದುದನ್ನು ಹೊಡೆಯಿತೆಂದು ಅರ್ಥ. ದೊಡ್ಡಕ್ಷರವಾದರೆ ಹೊಡೆದದ್ದು ಒಂಟೆ, ಏಕೆಂದರೆ ಇಂಗ್ಲಿಷಿನಲ್ಲಿ ಒಂಟೆಯ ಸಂಕೇತವೂ ಬಿ. ಅಕ್ಷರದ ಗಾತ್ರವೊಂದರಲ್ಲಿ ಇಡೀ ಆಟದ ಹಣೆಬರಹ ಅಡಗಿದೆ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಕೂಗಿ ಹೇಳುವ ಯಂತ್ರ ಈ ಭೇದವನ್ನು ನುಂಗಿಹಾಕುತ್ತದೆ.

ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ. ಆಟಗಾರರು ತಮ್ಮ ತಮ್ಮ ದೇಶದ ಹೆಸರುಗಳ ಮೊದಲಕ್ಷರವನ್ನು ಬಳಸಬಹುದೆಂದು ಫಿಡೆಯ ನಿಯಮವೇ ಹೇಳುತ್ತದೆ. ಅದರಂತೆ ಕನ್ನಡದಲ್ಲಿ ಪ್ರೋಗ್ರಾಮು ಬರೆಯುವವನು ರಾಜನಿಗೆ ‘ರಾ’, ಮಂತ್ರಿಗೆ ‘ಮಂ’, ಆನೆಗೆ ‘ಆ’, ಒಂಟೆಗೆ ‘ಒಂ’, ಕುದುರೆಗೆ ‘ಕು’ ಎಂದಿಟ್ಟುಕೊಂಡರೆ ಅಜ್ಜನವರಿಗೂ ಅರ್ಥವಾದೀತು. ಕಾಲಾಳಿಗೆ ಈ ಪದ್ಧತಿಯಲ್ಲಿ ಅಕ್ಷರವೇ ಬೇಡ. ಬಡವನ ಹೆಸರನ್ನು ಯಾರೂ ಬರೆಯುವುದಿಲ್ಲ, ಅವನು ಸೇರಿದ ಮನೆಯಷ್ಟೇ ಸಾಕು. ಆದರೆ ಎಂಟು ಉದ್ದಸಾಲುಗಳಿಗೆ ಅ, ಆ, ಇ, ಈ ಎಂದು ಹೆಸರಿಡಹೊರಟರೆ ಇಂಗ್ಲಿಷಿನ ರೋಗವೇ ಇಲ್ಲಿಗೂ ಬಂದಿತು: ‘ಆ’ ಎಂದರೆ ಆನೆಯೋ ಎರಡನೆಯ ಸಾಲೋ? ಕ, ಖ, ಗ, ಘ ಎಂದು ಆರಂಭಿಸಿದರೆ ಈ ತೊಡಕಿಲ್ಲ. ‘ಕ’ ಸಾಲೂ ‘ಕು’ ಕುದುರೆಯೂ ಕಣ್ಣಿಗೆ ಬೇರೆಬೇರೆಯಾಗಿಯೇ ಇರುತ್ತವೆ. ಯಾವ ಭಾಷೆಯಲ್ಲೇ ಆಗಲಿ, ಒಂದೊಂದು ಅಕ್ಷರವನ್ನೂ ಓದುವವನ ಕಣ್ಣಿನಿಂದ ಪರೀಕ್ಷಿಸಿಯೇ ಒಪ್ಪಬೇಕೆಂಬುದಕ್ಕೆ ಇದು ಸಾಕಾದ ನಿದರ್ಶನ.

ಕಣ್ಣಿಗೆ ಒಂದಾಗಿ ಕಂಡು ಯಂತ್ರಕ್ಕೆ ಎರಡಾಗುವುವೂ ಉಂಟು. ರಾಜನನ್ನು ಆನೆಯ ಮರೆಗೆ ಸೇರಿಸಿ ಕೋಟೆ ಕಟ್ಟುವ ನಡೆಯನ್ನು ಫಿಡೆಯ ನಿಯಮಪುಸ್ತಕ ಸೊನ್ನೆಗಳಿಂದ ಬರೆಯುತ್ತದೆ. ಗಣಕಗಳ ದಾಖಲೆಯ ಪದ್ಧತಿ ಇಂಗ್ಲಿಷಿನ ‘ಓ’ ಅಕ್ಷರದಿಂದ ಬರೆಯುತ್ತದೆ. ಓದುವವರಿಗೆ ಎರಡೂ ಬರಿಯ ದುಂಡನೆಯ ಗುರುತುಗಳು. ಯಂತ್ರಕ್ಕಾದರೋ ಒಂದು ಅಂಕಿ, ಇನ್ನೊಂದು ಅಕ್ಷರ; ಒಂದನ್ನು ನಿರೀಕ್ಷಿಸಿದ ಕಡೆ ಇನ್ನೊಂದು ಬಂದರೆ ಅದು ಆಟವನ್ನೇ ತಿರಸ್ಕರಿಸೀತು. ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ಅನುಸ್ವಾರಕ್ಕೂ ಸೊನ್ನೆಯೆಂದೇ ಹೆಸರು, ಆಕಾರವೂ ಹೆಚ್ಚುಕಡಿಮೆ ಅದೇ. ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನು ಒತ್ತಿ, ಆಮೇಲೆ ಆ ಪದವನ್ನು ಗಣಕದಲ್ಲಿ ಹುಡುಕಿದರೆ ಸಿಕ್ಕದು.

ಇಷ್ಟೆಲ್ಲ ತೊಡಕುಗಳಿಗೆ ಒಂದು ಹದವಾದ ಪರಿಹಾರ ದೊರೆತದ್ದು ೧೯೯೩ರಲ್ಲಿ. ಸ್ಟೀವನ್ ಎಡ್ವರ್ಡ್ಸ್ ಎಂಬವರು ಆಟಗಳ ದಾಖಲೆಗಾಗಿ ‘ಪಿ.ಜಿ.ಎನ್.’ ಎಂಬ ಪದ್ಧತಿಯನ್ನು ರೂಪಿಸಿದರು. ನಡೆಗಳಿಗೆ ಹ್ರಸ್ವ ಬರಹವನ್ನೇ ಅವರು ಆರಿಸಿದರು. ಮೇಲುಗಡೆ ಪಂದ್ಯ, ಸ್ಥಳ, ದಿನಾಂಕ, ಸುತ್ತು, ಬಿಳಿಯ ಆಟಗಾರ, ಕರಿಯ ಆಟಗಾರ, ಫಲಿತಾಂಶ ಎಂಬ ಏಳು ವಿವರಗಳು. ಈ ಪದ್ಧತಿಯಲ್ಲಿ ಗಮನಿಸಬೇಕಾದ ಗುಣವೊಂದಿದೆ. ಮನುಷ್ಯರು ಕೈಯಾರೆ ಬರೆದು ತಂದದ್ದನ್ನು ಓದುವಾಗ ಪ್ರೋಗ್ರಾಮು ಆದಷ್ಟು ಉದಾರವಾಗಿರಬೇಕು. ತಾನು ಬರೆದು ಕೊಡುವಾಗ ಮಾತ್ರ ಎಳ್ಳಷ್ಟೂ ತಪ್ಪಿಲ್ಲದೆ ಕಟ್ಟುನಿಟ್ಟಾಗಿ ಬರೆಯಬೇಕು. ಮನೆಗೆ ಬಂದ ನೆಂಟರ ಮಾತಿನ ತಪ್ಪನ್ನು ಎಣಿಸದೆ, ತನ್ನ ಮಾತನ್ನು ಮಾತ್ರ ತೂಗಿ ಆಡುವ ಸದ್ಗೃಹಸ್ಥನ ನಡತೆಯಿದು.

ಯಂತ್ರ ಯಂತ್ರಗಳ ನಡುವೆ ಬೇರೆಯೇ ವ್ಯವಹಾರ. ರುಡಾಲ್ಫ್ ಹ್ಯೂಬರ್ ಮತ್ತು ಸ್ಟೆಫಾನ್ ಮಾಯರ್-ಕಾಲೆನ್ ಎಂಬವರು ೨೦೦೦ದಲ್ಲಿ ಹೊರತಂದ ‘ಯು.ಸಿ.ಐ.’ ಎಂಬ ಒಡಂಬಡಿಕೆಯಲ್ಲಿ, ಯೋಚಿಸುವ ಪ್ರೋಗ್ರಾಮು ಹಲಗೆ ತೋರಿಸುವ ಪ್ರೋಗ್ರಾಮಿಗೆ ‘ಇ೨ಇ೪’ ಎಂದು ದೀರ್ಘವಾಗಿಯೇ ಹೇಳುತ್ತದೆ. ಕೋಟೆ ಕಟ್ಟುವುದನ್ನು ರಾಜ ಎರಡು ಮನೆ ಸರಿದಂತೆ ಹೇಳಿದರೆ ಸಾಕು. ಶ್ಯಾನನ್ ಅವರ ೧೯೫೦ರ ಉಪಾಯವೇ ಅದು. ಅದನ್ನು ಹ್ರಸ್ವ ಬರಹಕ್ಕೆ ತಿರುಗಿಸಿ ಮನುಷ್ಯನ ಮುಂದಿಡುವ ಹೊಣೆ ಹಲಗೆ ತೋರಿಸುವ ಪ್ರೋಗ್ರಾಮಿನದು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಹೇಗಿದ್ದರೇನು, ಎಲೆಯ ಮುಂದೆ ಕುಳಿತವರಿಗೆ ಬಡಿಸುವುದು ಬಡಿಸುವ ಕ್ರಮದಲ್ಲಿಯೇ ಆಗಬೇಕು.

ಓದಿಗೆ ಒದಗುವ ಬರಹಕ್ಕಾಗಿ ಇಷ್ಟು ಆಸ್ಥೆಯೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ೧೯೯೭ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ದೊರೆಯಿತು. ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರು ಐ.ಬಿ.ಎಂ. ಸಂಸ್ಥೆಯ ‘ಡೀಪ್ ಬ್ಲೂ’ ಯಂತ್ರದೊಡನೆ ಆರು ಆಟಗಳ ಪಂದ್ಯವನ್ನಾಡಿದರು. ಎರಡನೆಯ ಆಟದಲ್ಲಿ ಇನ್ನು ಉಳಿವಿಲ್ಲವೆಂದು ಬಗೆದು ಸೋಲೊಪ್ಪಿಕೊಂಡರು. ಆಮೇಲೆ ನಡೆಗಳನ್ನು ಬಿಡಿಸಿ ನೋಡಿದವರಿಗೆ, ಆ ಕೊನೆಯ ಸ್ಥಿತಿಯಲ್ಲಿಯೂ ಎಡೆಬಿಡದೆ ಷಹ ಕೊಡುತ್ತ ಆಟವನ್ನು ಸಮ ಮಾಡಿಕೊಳ್ಳುವ ದಾರಿಯಿತ್ತೆಂಬುದು ತಿಳಿದುಬಂದಿತು. ಚಾಂಪಿಯನ್ನರೇ ಕಾಣದ ದಾರಿಯನ್ನು ಇತರರು ಕಾಣಲು ಸಾಧ್ಯವಾದದ್ದು ಆ ಆಟದ ಬರಹ ಎಲ್ಲರೂ ಓದಬಲ್ಲ ಬರಹವಾಗಿದ್ದುದರಿಂದ. ಯಂತ್ರ ಹಾಗೇಕೆ ಆಡಿತೆಂಬುದನ್ನು ತಿಳಿಯಲು ಕಾಸ್ಪರೋವ್ ಅದರ ಒಳಲೆಕ್ಕದ ದಾಖಲೆಗಳನ್ನು ಕೇಳಿದರು. ಪಂದ್ಯ ಮುಗಿದ ಬಳಿಕ ಐ.ಬಿ.ಎಂ. ಅವನ್ನು ಪ್ರಕಟಿಸಿತು. ಪಂದ್ಯವಂತೂ ಮೂರೂವರೆಗೆ ಎರಡೂವರೆಯಂತೆ ಯಂತ್ರದ ಪಾಲಾಯಿತು.

ಮನುಷ್ಯನೊಡನೆ ಆಡಿ ಸೋತವನು ಎದುರಾಳಿಯ ಮುಖ ನೋಡಬಹುದು; ಎಲ್ಲಿ ಎಡವಿದೆನೆಂದು ಕೇಳಬಹುದು. ಒಂದು ಲೋಟ ಕಾಫಿಯ ಮುಂದೆ ಇಬ್ಬರೂ ಕುಳಿತು ಆಟವನ್ನು ಮತ್ತೊಮ್ಮೆ ಹರಡಿಕೊಳ್ಳಬಹುದು. ಯಂತ್ರಕ್ಕೆ ಮುಖವಿಲ್ಲ. ಅದರಿಂದ ಸೋತವನಿಗೆ ಉಳಿಯುವುದು ನಡೆಗಳ ಪಟ್ಟಿಯೊಂದೇ. ಇಂದಿನ ಯಂತ್ರಗಳ ಮುಂದೆ ವಿಶ್ವ ಚಾಂಪಿಯನ್ನರೂ ನಿಲ್ಲಲಾರರೆಂದ ಮೇಲೆ, ಹಲಗೆಯ ಮುಂದೆ ಕುಳಿತ ಹತ್ತು ವರ್ಷದ ಬಾಲಕನ ಪಾಡೇನು? ಅವನು ಸೋಲುವುದಂತೂ ನಿಶ್ಚಯ. ಆ ಸೋಲು ಪಾಠವಾಗುವುದೋ ಬರಿಯ ಅವಮಾನವಾಗಿ ಉಳಿಯುವುದೋ ಎಂಬುದು, ಅವನ ಕೈಗೆ ಬರುವ ಹಾಳೆಯಲ್ಲಿ ‘೧೨, ೨೮’ ಎಂದಿದೆಯೋ, ಕುದುರೆ ಎಫ್೩ಕ್ಕೆ ಬಂದಿತೆಂದಿದೆಯೋ ಎಂಬುದನ್ನು ಅವಲಂಬಿಸಿದೆ.

ಆದುದರಿಂದ ಬಾಗಿಲಲ್ಲಿ ನಿಂತ ಆ ಸಣ್ಣ ಪ್ರಶ್ನೆಯನ್ನು ತರುಣ ಒಳಗೆ ಕರೆದು ಕುಳ್ಳಿರಿಸಿ ಮಾತನಾಡಿಸುವುದು ಒಳ್ಳೆಯದು. ಬರೆಯುವವನಿಗೆ ಸುಲಭವಾದುದು ಓದುವವನಿಗೆ ಕಷ್ಟ. ಓದುವವನಿಗೆ ಸುಲಭವಾಗಬೇಕಾದರೆ ಬರೆಯುವವನು ಕಷ್ಟಪಡಬೇಕು. ಇಬ್ಬರಲ್ಲಿ ಒಬ್ಬರು ಹೊರೆ ಹೊರಲೇಬೇಕೆಂದಾದಾಗ, ಹೊರಬಲ್ಲವನು ಹೊರುವುದೇ ನ್ಯಾಯ. ಕ್ಷಣವೊಂದರಲ್ಲಿ ಲಕ್ಷಾಂತರ ಸ್ಥಿತಿಗಳನ್ನು ಎಣಿಸಬಲ್ಲ ಯಂತ್ರಕ್ಕೆ, ಎರಡು ಕುದುರೆಗಳಲ್ಲಿ ಹೊರಟದ್ದು ಯಾವುದೆಂದು ನೋಡಿ ಬರೆಯುವ ಶ್ರಮ ಯಾವ ಲೆಕ್ಕದ್ದು? ಆ ಶ್ರಮವನ್ನು ಯಂತ್ರಕ್ಕೆ ವಹಿಸಿ, ಓದುವ ಸಂತೋಷವನ್ನು ಬಾಲಕನಿಗೂ ಅಜ್ಜನಿಗೂ ಬಿಟ್ಟುಕೊಡುವ ಪ್ರೋಗ್ರಾಮು, ಆಟದಲ್ಲಿ ತುಸು ದುರ್ಬಲವಾದರೂ, ಮನೆಯಲ್ಲಿ ಇಟ್ಟುಕೊಳ್ಳಲು ಯೋಗ್ಯವಾದದ್ದು.